ಪರದೇಶದ ಪ್ಲಗ್ಗು, ನಮ್ಮೂರ ಕರೆಂಟು

ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ಮನೆಗಳಲ್ಲಿ ಪರದೇಶದ ವಸ್ತುಗಳು ಎರಡು ಕಾಲಗಳಲ್ಲಿ ಎರಡು ದಿಕ್ಕಿನಲ್ಲಿ ಸಂಚರಿಸಿದವು. ನಾನು ಶಿಕ್ಷಕ ವೃತ್ತಿಗೆ ಸೇರಿದ ಎಂಬತ್ತರ ದಶಕದಲ್ಲಿ ಅವು ಅಲ್ಲಿಂದ ಇಲ್ಲಿಗೆ ಬರುತ್ತಿದ್ದವು. ರಿಯಾದ್, ಜೆದ್ದಾ, ದುಬೈ, ಕುವೈತುಗಳಿಗೆ ದುಡಿಯಲು ಹೋದ ಹುಡುಗರು ಎರಡು ವರ್ಷಕ್ಕೊಮ್ಮೆ ರಜೆಯ ಮೇಲೆ ಬಂದಾಗ ಹಗ್ಗ ಬಿಗಿದ ರಟ್ಟಿನ ಡಬ್ಬಗಳಲ್ಲಿ ಟೇಪ್ ರೆಕಾರ್ಡರು, ಇಸ್ತ್ರಿ ಪೆಟ್ಟಿಗೆ, ಹಣ್ಣಿನ ರಸ ತೆಗೆಯುವ ಯಂತ್ರ ಮೊದಲಾದವನ್ನು ತರುತ್ತಿದ್ದರು. ಈಗ ಕಾಲ ತಿರುಗಿದೆ. ಅದೇ ಮನೆಗಳ ಮಕ್ಕಳು ಮೊಮ್ಮಕ್ಕಳು ಅಮೆರಿಕದಲ್ಲಿದ್ದಾರೆ. ಅವರನ್ನು ನೋಡಲು ಹೊರಟ ತಂದೆತಾಯಿಗಳು ಇಲ್ಲಿಂದ ಮಿಕ್ಸರು, ಬಿಸಿನೀರಿನ ರಾಡು, ಔಷಧಿಯ ಯಂತ್ರಗಳನ್ನು ಕಟ್ಟಿಕೊಂಡು ಹೋಗುತ್ತಿದ್ದಾರೆ. ಎರಡು ಕಾಲದಲ್ಲಿಯೂ ನನ್ನನ್ನು ಕೇಳುವ ಪ್ರಶ್ನೆ ಮಾತ್ರ ಒಂದೇ: "ಸರ್, ಇದನ್ನ ಅಲ್ಲಿ ಹಚ್ಚಿದ್ರ ನಡೀತದ್ಯಾ?"

ವಿಜ್ಞಾನ, ಗಣಿತ ಕಲಿಸಿದವನೆಂಬ ಕಾರಣಕ್ಕೆ ಈ ಪ್ರಶ್ನೆ ನನ್ನ ಪಾಲಿಗೆ ಬಂದಿದೆ. ಉತ್ತರವನ್ನು ಒಮ್ಮೆ ಬರೆದಿಟ್ಟರೆ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಅನುಕೂಲವಾದೀತೆಂದು ಕುಳಿತೆ. ಬರೆಯುತ್ತ ಹೋದಂತೆ ಉತ್ತರಕ್ಕಿಂತ ನೆನಪುಗಳೇ ಮುಂದೆ ಬಂದವು. ಅವುಗಳಲ್ಲಿ ಒಂದು 1988ರ ಬೇಸಿಗೆಯದು.

ಆ ವರ್ಷ ರಂಜಾನ್ ತಿಂಗಳು ಏಪ್ರಿಲಿನಲ್ಲಿ ಆರಂಭವಾಗಿತ್ತು. ಶಾಲೆಗೆ ರಜೆ. ಹುಮನಾಬಾದಿನಲ್ಲಿ ನಾನಿದ್ದ ಬಾಡಿಗೆಯ ಮನೆಗೆ ಒಂದು ಮುಂಜಾನೆ ನನ್ನ ವಿದ್ಯಾರ್ಥಿಯೊಬ್ಬನ ತಂದೆ ಬಂದರು. ಅವರ ಹಿರಿಯ ಮಗ ರಿಯಾದಿಗೆ ಹೋಗಿ ಒಂದು ವರ್ಷವಾಗಿತ್ತು. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ವಸ್ತು, ಕೈಯಲ್ಲಿ ವಿಮಾನದಂಚೆಯ ಒಂದು ಲಕೋಟೆ. ಮಗನಿಗೆ ಪತ್ರ ಬರೆಯಿಸಿ, ಮೇಲೆ ಇಂಗ್ಲಿಷಿನಲ್ಲಿ ವಿಳಾಸ ಹಾಕಿಸಿಕೊಂಡು ಹೋಗುವುದಕ್ಕೆ ಬಂದಿದ್ದರು. ಆ ದಿನಗಳಲ್ಲಿ ಇಂಥ ಪತ್ರಗಳನ್ನು ನಾನು ಎಷ್ಟು ಬರೆದಿರುವೆನೋ ಲೆಕ್ಕವಿಲ್ಲ.

ಅವರು ಹೇಳಿ ಬರೆಯಿಸತೊಡಗಿದ ಪತ್ರ ಕಠಿಣವಾಗಿತ್ತು. ಮಗ ಮೊದಲ ವರ್ಷದ ಉಳಿತಾಯದಲ್ಲಿ ಒಂದು ಗಡಿಯಾರವಿರುವ ರೇಡಿಯೊವನ್ನು, ಕೆಂಪು ಅಂಕಿಗಳು ಹೊಳೆಯುವಂಥದ್ದನ್ನು, ಊರಿಗೆ ಬರುವ ಗೆಳೆಯನ ಕೈಯಲ್ಲಿ ಕಳಿಸಿದ್ದ. ಅಪ್ಪನಿಗೆ ಸಹರಿಗೆ ಏಳಲು ಅನುಕೂಲವಾಗಲಿ ಎಂಬುದು ಅವನ ಆಸೆ. ಅವರ ಮನೆ ಊರ ಹೊರಗಿನ ಹೊಸ ಬಡಾವಣೆಯಲ್ಲಿತ್ತು. ಮಸೀದಿಯ ಧ್ವನಿ ಅಲ್ಲಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ರಾತ್ರಿ ಹತ್ತು ಗಂಟೆಗೆ ಕೈಗಡಿಯಾರ ನೋಡಿ ಸಮಯ ಸರಿಪಡಿಸಿ, ಬೆಳಗಿನ ನಾಲ್ಕಕ್ಕೆ ಅಲಾರಾಂ ಇಟ್ಟು ಮಲಗಿದರು. ಅದು ಕೂಗಿದಾಗ ಮನೆಮಂದಿಯೆಲ್ಲ ಎದ್ದರು. ಹೊರಗೆ ಬಂದು ನೋಡಿದರೆ ಮೂಡಣ ಬೆಳ್ಳಗಾಗಿತ್ತು. ಕೈಗಡಿಯಾರದಲ್ಲಿ ಐದೂ ಕಾಲು ದಾಟಿತ್ತು. ಸಹರಿಯ ಸಮಯ ಮುಗಿದುಹೋಗಿತ್ತು. ಏಪ್ರಿಲಿನ ನಮ್ಮ ಕಡೆಯ ಬಿಸಿಲು ತಮಗೆಲ್ಲ ಗೊತ್ತು. ಆ ಮನೆಯ ಮುದುಕಿಯಿಂದ ಹಿಡಿದು ಹದಿಹರೆಯದ ಹುಡುಗಿಯವರೆಗೆ ಎಲ್ಲರೂ ಏನೂ ತಿನ್ನದೆ, ನೀರು ಕುಡಿಯದೆ, ಆ ದಿನದ ರೋಜಾ ಹಿಡಿದರು. ಒಂದು ದಿನವಲ್ಲ, ಎರಡು ದಿನ ಹೀಗಾಯಿತು.

"ಬರೀರಿ ಸರ್," ಎಂದರು ಅವರು. "ಅಲ್ಲಿ ನಿನಗ ಮೋಸ ಮಾಡ್ಯಾರ. ಹಾಳಾದ ಮಾಲು ತಗೊಂಡಿ. ಇನ್ನ ಮ್ಯಾಲ ಏನೂ ಕಳಸಬ್ಯಾಡ. ರೊಕ್ಕದ ಬೆಲೆ ನಿನಗ ಗೊತ್ತಿಲ್ಲ."

ನಾನು ಕೊನೆಯ ವಾಕ್ಯವನ್ನು ಬರೆಯಲಿಲ್ಲ. ಮರುಭೂಮಿಯ ಬಿಸಿಲಿನಲ್ಲಿ ದುಡಿದ ಹುಡುಗನೊಬ್ಬನು ಗುಂಪಾಗಿ ವಾಸಿಸುವ ಕೋಣೆಯಲ್ಲಿ ಕುಳಿತು ಈ ಪತ್ರವನ್ನು ಒಡೆದು ಓದುವುದು ನನ್ನ ಕಣ್ಣಿಗೆ ಕಟ್ಟಿತು. "ಮೊದಲು ಗಡಿಯಾರ ನೋಡೋಣ, ಪತ್ರ ಆಮೇಲೆ" ಎಂದೆ.

ಬಟ್ಟೆ ಬಿಚ್ಚಿ ನೋಡಿದೆ. ಹಿಂಬದಿಯಲ್ಲಿ ವೋಲ್ಟೇಜ್ ಆರಿಸಿಕೊಳ್ಳುವ ಒಂದು ಗುಂಡಿ, 127 ಮತ್ತು 220 ಎಂಬ ಎರಡು ಅಂಕಿಗಳು. ಹುಡುಗ ಜಾಣ, ಕಳಿಸುವ ಮೊದಲೇ ಅದನ್ನು 220ಕ್ಕೆ ಸರಿಸಿದ್ದ. ಸೌದಿ ಅರೇಬಿಯದ ಮನೆಗಳಲ್ಲಿ ಆಗ 127 ವೋಲ್ಟಿನ ವಿದ್ಯುತ್ತೇ ಸಾಮಾನ್ಯವಾಗಿತ್ತು. ಅಲ್ಲಿನ ಸರಕಾರವು 230 ವೋಲ್ಟಿಗೆ ಹಂತಹಂತವಾಗಿ ಬದಲಾಗುವ ನಿರ್ಧಾರ ಕೈಗೊಂಡದ್ದು 2010ರಲ್ಲಿ. ಆ ಗುಂಡಿಯನ್ನು ಸರಿಸದೆ ನಮ್ಮ 230 ವೋಲ್ಟಿಗೆ ಹಚ್ಚಿದ್ದರೆ ಗಡಿಯಾರ ತಡವಾಗಿ ನಡೆಯುತ್ತಿರಲಿಲ್ಲ, ಹೊಗೆಯಾಡಿ ನಿಂತೇಹೋಗುತ್ತಿತ್ತು. ಹಾಗಾದರೆ ವೋಲ್ಟೇಜಿನ ದೋಷವಲ್ಲ. ರಾತ್ರಿ ಕರೆಂಟು ಹೋಗಿತ್ತೇ ಎಂದು ಕೇಳಿದೆ. ಹೋಗಿರಲಿಲ್ಲ, ಹೋಗಿದ್ದರೆ ಅಂಕಿಗಳು ಮಿಟುಕುತ್ತಿದ್ದವು.

ನನ್ನ ಎಚ್‌ಎಂಟಿ ಕೈಗಡಿಯಾರವನ್ನು ಪಕ್ಕದಲ್ಲಿಟ್ಟು ಎರಡನ್ನೂ ಒಂದೇ ಸಮಯಕ್ಕೆ ಹೊಂದಿಸಿದೆ. ಅವರು ರೋಜಾ ಇದ್ದುದರಿಂದ ನಾನೂ ಚಹಾ ಕುಡಿಯಲಿಲ್ಲ. ಊರ ಸುದ್ದಿ, ತೊಗರಿಯ ದರ ಮಾತನಾಡುತ್ತ ಕುಳಿತೆವು. ಒಂದು ಗಂಟೆಯಾದಾಗ ಕೆಂಪು ಅಂಕಿಗಳು 11 ನಿಮಿಷ ಹಿಂದೆ ಇದ್ದವು. ಎರಡು ಗಂಟೆಯಾದಾಗ 22 ನಿಮಿಷ. ಆಗ ನನಗೆ ಸಮಾಧಾನವಾಯಿತು. ಕೆಟ್ಟ ಗಡಿಯಾರ ಇಷ್ಟು ನಿಯಮದಿಂದ ತಪ್ಪುವುದಿಲ್ಲ.

ವಿಷಯ ಇಷ್ಟೇ. ಮನೆಗೆ ಬರುವ ಪರ್ಯಾಯ ವಿದ್ಯುತ್ತು ಒಂದು ಸೆಕೆಂಡಿನಲ್ಲಿ ಇಂತಿಷ್ಟು ಬಾರಿ ಹಿಂದೆ ಮುಂದೆ ತುಯ್ಯುತ್ತದೆ. ಭಾರತದಲ್ಲಿ 50 ಬಾರಿ. ಸೌದಿಯಲ್ಲಿಯೂ ಅಮೆರಿಕದಲ್ಲಿಯೂ 60 ಬಾರಿ. ಪುಸ್ತಕದಲ್ಲಿ ಇದನ್ನೇ ಆವೃತ್ತಿ ಎನ್ನುತ್ತೇವೆ. ಆ ಬಗೆಯ ಗಡಿಯಾರಗಳಿಗೆ ಕಾಲವನ್ನು ಅಳೆಯುವ ಸ್ವಂತದ ಬುದ್ಧಿ ಇರಲಿಲ್ಲ. ಕರೆಂಟಿನ ತುಯ್ತಗಳನ್ನು ಎಣಿಸಿ, 60 ಆದಾಗ ಒಂದು ಸೆಕೆಂಡಾಯಿತೆಂದು ತಿಳಿಯುತ್ತಿದ್ದವು. ನಮ್ಮೂರಿನಲ್ಲಿ ಸೆಕೆಂಡಿಗೆ 50 ತುಯ್ತಗಳೇ ಬಂದರೆ ಅದು ಪ್ರತಿ ಗಂಟೆಗೆ 10 ನಿಮಿಷ ಹಿಂದೆ ಬೀಳಲೇಬೇಕು. ಹತ್ತಲ್ಲದೆ ಹನ್ನೊಂದು ನಿಮಿಷ ಹಿಂದೆ ಬಿದ್ದದ್ದು ಏಕೆಂದರೆ ನಮ್ಮ 50 ಕೂಡ ಆಗ ಪೂರ್ತಿ 50 ಆಗಿರಲಿಲ್ಲ. ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದಾಗ ದಕ್ಷಿಣದ ವಿದ್ಯುತ್ ಜಾಲದ ಆವೃತ್ತಿ 49ಕ್ಕೂ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೂ ಇಳಿಯುತ್ತಿತ್ತು. ಕರ್ನಾಟಕದ ರಾಯಚೂರಿನಿಂದ ಮಹಾರಾಷ್ಟ್ರದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟಿನ ಮಾರ್ಗ ಎಳೆದು, 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ದೇಶದ ಉಳಿದ ಜಾಲಕ್ಕೆ ಒಂದೇ ಲಯದಲ್ಲಿ ಕೂಡಿಸಿದರು. ಇಡೀ ದೇಶದ ಕರೆಂಟು ಒಂದೇ ತಾಳಕ್ಕೆ ಬಂದದ್ದು ನಮ್ಮ ಈ ಭಾಗದ ಒಂದು ತಂತಿಯಿಂದ ಎಂಬುದು ಪರೀಕ್ಷೆಯಲ್ಲಿ ಕೇಳುವಂಥ ಸಂಗತಿ, ಯಾರೂ ಕೇಳುವುದಿಲ್ಲ.

ಇದನ್ನೆಲ್ಲ ನಾನು ಆ ಹಿರಿಯರಿಗೆ ಹೇಳಲಿಲ್ಲ. ತಕ್ಕಡಿಯ ಮಾತಿನಲ್ಲಿ ಹೇಳಿದೆ. "ಅಲ್ಲಿ ಸೇರಿಗೆ ಅರವತ್ತು ಕಾಳು, ಇಲ್ಲಿ ಐವತ್ತು. ಗಡಿಯಾರ ಅಲ್ಲಿಯ ಸೇರಿನಾಗ ಅಳೀಲಿಕ್ಕತ್ತದ" ಎಂದೆ. ಅವರು ದಾಲ್ ಮಿಲ್ಲಿನಲ್ಲಿ ತೂಕದ ಕೆಲಸ ಮಾಡಿದವರು; ಕೂಡಲೇ ತಿಳಿದರು. "ಅಂದ್ರ ಮಾಲು ಖರೇ ಅದ?" ಎಂದು ಕೇಳಿದರು. "ಮಾಲು ಖರೇ ಅದ, ಮಗನೂ ಖರೇ ಇದ್ದಾನ" ಎಂದೆ.

ಕೆಲವು ಗಡಿಯಾರಗಳಲ್ಲಿ 50 ಮತ್ತು 60ರ ನಡುವೆ ಬದಲಾಯಿಸುವ ಇನ್ನೊಂದು ಪುಟ್ಟ ಗುಂಡಿ ಇರುತ್ತದೆ. ಇದರಲ್ಲಿ ಇರಲಿಲ್ಲ. ಆದುದರಿಂದ ತ್ರೈರಾಶಿ ಹಾಕಿದೆವು. ರಾತ್ರಿ ಹತ್ತಕ್ಕೆ ಸರಿಪಡಿಸಿದರೆ ಬೆಳಗಿನ ನಾಲ್ಕಕ್ಕೆ ಆರು ಗಂಟೆ. ಗಂಟೆಗೆ 11 ನಿಮಿಷದಂತೆ ಅದು 66 ನಿಮಿಷ ಹಿಂದಿರುತ್ತದೆ. ಅಂದರೆ ನಿಜವಾದ ನಾಲ್ಕು ಗಂಟೆಗೆ ಅದರಲ್ಲಿ 2 ಗಂಟೆ 54 ನಿಮಿಷ. ಸ್ವಲ್ಪ ಮುಂಚೆ ಎದ್ದರೆ ನಷ್ಟವಿಲ್ಲವೆಂದು 2-50ಕ್ಕೆ ಅಲಾರಾಂ ಇಡಲು ಹೇಳಿದೆ. ಆ ತಿಂಗಳ ಉಳಿದ ದಿನಗಳೆಲ್ಲ ಅವರು ಹಾಗೆಯೇ ಮಾಡಿದರು. ಈದಿನ ದಿನ ಶೀರ್‌ಖುರ್ಮಾದ ಡಬ್ಬಿಯನ್ನು ಕಿರಿಯ ಮಗ ತಂದುಕೊಟ್ಟ. ಪತ್ರವನ್ನೂ ಬರೆದೆವು, ಬೇರೆಯ ಪತ್ರ. ಗಡಿಯಾರ ಮುಟ್ಟಿತು, ಎಲ್ಲರೂ ಕ್ಷೇಮ, ಸಹರಿಗೆ ಅದೇ ಎಬ್ಬಿಸುತ್ತಿದೆ ಎಂದು. ಆ ಹುಡುಗನಿಗೆ ಉಳಿದ ಕಥೆ ಇಂದಿಗೂ ಗೊತ್ತಿರಲಾರದು. ಇದನ್ನು ಓದಿದರೆ ತನ್ನದೇ ಎಂದು ತಿಳಿದಾನು. ಅವನ ತಂದೆ ಈಗಿಲ್ಲ, ಆದುದರಿಂದ ಹೇಳಬಹುದೆಂದು ಹೇಳಿದ್ದೇನೆ.

ಶಾಲೆ ಆರಂಭವಾದ ಮೇಲೆ ಒಂಬತ್ತನೆಯ ತರಗತಿಗೆ ಈ ಲೆಕ್ಕವನ್ನು ಹಾಕಿದೆ. "ಸರ್, ಹಂಗಾದ್ರ ಸೌದಿಯಾಗ ದಿನ ಸಣ್ಣದಿರ್ತದೇನ್ರಿ?" ಎಂದು ಒಬ್ಬ ಕೇಳಿದ. ತರಗತಿ ನಕ್ಕಿತು. ನನಗೆ ಆ ಪ್ರಶ್ನೆ ಬಹಳ ಹಿಡಿಸಿತ್ತು.

ಏಕೆ ಒಂದು ದೇಶದಲ್ಲಿ ಒಂದು, ಇನ್ನೊಂದು ದೇಶದಲ್ಲಿ ಇನ್ನೊಂದು ಎಂದು ಕೇಳುವವರಿದ್ದಾರೆ. ಯಾರೂ ಕೂಡಿ ಕುಳಿತು ನಿಶ್ಚಯಿಸಿದ್ದಲ್ಲ. ಎಡಿಸನ್ ತನ್ನ ದೀಪಗಳಿಗೆ 110 ವೋಲ್ಟಿನ ಸುಮಾರು ಇಟ್ಟುಕೊಂಡ. ಅಮೆರಿಕ ಆ ದಾರಿಯಲ್ಲಿಯೇ ಉಳಿದು ಈಗ 120ರಲ್ಲಿದೆ. ಬರ್ಲಿನ್ ನಗರದ ವಿದ್ಯುತ್ ಕಂಪನಿಯು 1899ರಲ್ಲಿ 220ಕ್ಕೆ ಏರಿತು, ಯುರೋಪು ಅದನ್ನು ಅನುಸರಿಸಿತು. ಜಪಾನಿನದು ಇನ್ನೂ ವಿಚಿತ್ರ. ಟೋಕಿಯೊದವರು ಜರ್ಮನಿಯಿಂದ 50 ಆವೃತ್ತಿಯ ಯಂತ್ರ ತರಿಸಿದರು, ಒಸಾಕಾದವರು ಅಮೆರಿಕದಿಂದ 60ರದ್ದನ್ನು. ಇಂದಿಗೂ ಆ ದೇಶದ ಪೂರ್ವಾರ್ಧ 50, ಪಶ್ಚಿಮಾರ್ಧ 60. 2011ರ ಭೂಕಂಪ ಮತ್ತು ಸುನಾಮಿಯ ನಂತರ ಪೂರ್ವದಲ್ಲಿ ಕತ್ತಲಾದಾಗ ಪಶ್ಚಿಮದಲ್ಲಿದ್ದ ವಿದ್ಯುತ್ತನ್ನು ಬೇಕಾದಷ್ಟು ಕಳಿಸಲು ಆಗಲಿಲ್ಲ. ನಮ್ಮ ಕನ್ನಡ ನಾಡೇನು ಕಡಿಮೆಯಲ್ಲ: 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್ತು 25 ಆವೃತ್ತಿಯದಾಗಿತ್ತು. ಆ ಕರೆಂಟಿಗೆ ರಿಯಾದಿನ ಗಡಿಯಾರ ಹಚ್ಚಿದ್ದರೆ ಗಂಟೆಗೆ 35 ನಿಮಿಷ ಹಿಂದೆ ಬೀಳುತ್ತಿತ್ತು!

ಹುಮನಾಬಾದಿನ ಹೆದ್ದಾರಿಯ ಬದಿಗೆ ಆಗ ಒಂದು ಮೋಟರ್ ವೈಂಡಿಂಗ್ ಅಂಗಡಿಯಿತ್ತು. ಸುಟ್ಟ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತಿಕೊಡುವುದು ಅವರ ಮುಖ್ಯ ಕಸುಬು. ಗಲ್ಫಿನ ವಸ್ತುಗಳು ಬರತೊಡಗಿದ ಮೇಲೆ, ಗುಂಡಿಯಿಲ್ಲದ, ಬರೀ 127 ವೋಲ್ಟಿನ ಯಂತ್ರಗಳಿಗಾಗಿ ಪುಟ್ಟ ಟ್ರಾನ್ಸ್‌ಫಾರ್ಮರುಗಳನ್ನೂ ಮಾಡಿಕೊಡುತ್ತಿದ್ದರು. ಅಂಗಡಿಯಾತ ಏಳನೆಯ ತರಗತಿಗೆ ಶಾಲೆ ಬಿಟ್ಟವನು. ನಾನು ಒಮ್ಮೆ ಹತ್ತನೆಯ ತರಗತಿಯ ಕೆಲವು ಹುಡುಗರನ್ನು ಕರೆದುಕೊಂಡು ಹೋದೆ. ಕಬ್ಬಿಣದ ತಗಡುಗಳ ತಿರುಳಿನ ಮೇಲೆ ಅವನು ತಂತಿ ಸುತ್ತುತ್ತ, "ಈ ಸೈಜಿಗಿ ವೋಲ್ಟಿಗಿ ನಾಕ ಸುತ್ತರಿ ಸರ್" ಎಂದ. ನಾನು ಹುಡುಗರಿಗೆ ಲೆಕ್ಕ ಮಾಡಲು ಹೇಳಿದೆ. ನಮ್ಮ ಕಡೆಗೆ 230ಕ್ಕೆ 920 ಸುತ್ತು, ಆ ಕಡೆಗೆ 127ಕ್ಕೆ 508. ಕಪ್ಪು ಹಲಗೆಯ ಮೇಲೆ ನಾನು ಅದೇ ಅನುಪಾತವನ್ನು ಮೂರು ದಿನ ಬರೆದಿದ್ದೆ. ಅರ್ಧ ತರಗತಿಗೆ ಹತ್ತಿರಲಿಲ್ಲ. ಅಲ್ಲಿ ಅವನ ಬೆರಳು ಎಣಿಸುವುದನ್ನು ನೋಡಿದ ಹುಡುಗರು ಯಾರೂ ಅದನ್ನು ಮರೆಯಲಿಲ್ಲ. ನಾವು ವಿಭವಾಂತರ ಎನ್ನುತ್ತೇವೆ, ಅವನು ವೋಲ್ಟೇಜ್ ಎನ್ನುತ್ತಾನೆ. ಪಠ್ಯಪುಸ್ತಕದ ಶಬ್ದ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ಅದು ಅಂಗಡಿಯ ಬಾಗಿಲವರೆಗೂ ಬರಲಿಲ್ಲವೆಂಬುದು ನಿಜ. ಅವನಿಗೂ ಒಂದು ಮಿತಿಯಿತ್ತು: ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಮಾತ್ರ ಬದಲಿಸುತ್ತದೆ, 50 ಆವೃತ್ತಿಯನ್ನು 60 ಮಾಡಲಾರದು.

ಗಲ್ಫಿನ ಕಾಲದ ಇನ್ನೊಂದು ಸಂಗತಿಯನ್ನು ನೆನೆಯಲು ನನಗೆ ಇಷ್ಟವಿಲ್ಲ, ಆದರೂ ಹೇಳಬೇಕು. ನಮ್ಮ ಮೂರು ದುಂಡು ಕಡ್ಡಿಗಳ ಪ್ಲಗ್ಗು ಬ್ರಿಟಿಷರ ಹಳೆಯ ಮಾದರಿ. ಅವರು 1947ರಲ್ಲಿ ಚಪ್ಪಟೆ ಕಡ್ಡಿಗಳ, ಒಳಗೆ ಫ್ಯೂಸಿರುವ ಹೊಸ ಮಾದರಿಗೆ ಬದಲಾದರು. ದುಬೈ, ಕುವೈತ್, ಕತಾರುಗಳಲ್ಲಿ ಆ ಹೊಸದೇ ಇದೆ. ನಾವು ಹಳೆಯದನ್ನು ಇಟ್ಟುಕೊಂಡೆವು. ಸೌದಿಯಲ್ಲಿ ಅಮೆರಿಕದ್ದು, ಯುರೋಪಿನದು, ಬ್ರಿಟನ್ನಿನದು ಎಲ್ಲವೂ ಬೆರೆತಿದ್ದವು. ಯುರೋಪಿನ ದಪ್ಪ ದುಂಡು ಪ್ಲಗ್ಗಿನಲ್ಲಿ ಭೂಸಂಪರ್ಕ ಕೊಡುವ ಲೋಹದ ಪಟ್ಟಿಗಳು ಪ್ಲಗ್ಗಿನ ಬದಿಗಳಲ್ಲಿರುತ್ತವೆ. ನಮ್ಮ ಸಾಕೆಟ್ಟಿನಲ್ಲಿ ಭೂಸಂಪರ್ಕದ ತೂತು ಮೇಲ್ಗಡೆ ಇರುತ್ತದೆ. ಎರಡೂ ಭೇಟಿಯಾಗುವುದೇ ಇಲ್ಲ. ಕಡ್ಡಿಗಳೆರಡು ಹೇಗೋ ಒಳಗೆ ಹೋಗುತ್ತವೆ, ಸಡಿಲವಾಗಿ ನಿಲ್ಲುತ್ತವೆ, ಯಂತ್ರ ನಡೆಯುತ್ತದೆ. ನಡೆಯುತ್ತದೆ ಎಂಬುದೇ ಅಪಾಯ.

ನಮ್ಮ ಓಣಿಯ ಒಂದು ಮನೆಯಲ್ಲಿ ಹೀಗೆ ಬಂದ ಇಸ್ತ್ರಿ ಪೆಟ್ಟಿಗೆಯನ್ನು ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ಬಳಸಿದ್ದರು. ಒಂದು ಮಳೆಗಾಲದಲ್ಲಿ ಒಳಗಿನ ತಂತಿಯ ಹೊದಿಕೆ ಸವೆದು ಲೋಹದ ಮೈಗೆ ತಗುಲಿತು. ಭೂಸಂಪರ್ಕವಿದ್ದಿದ್ದರೆ ಫ್ಯೂಸ್ ಹಾರಿ ಅಲ್ಲಿಗೆ ಮುಗಿಯುತ್ತಿತ್ತು. ಆ ಮನೆಯ ಸೊಸೆ ಒದ್ದೆಯಾದ ಶಹಾಬಾದ್ ಫರ್ಸಿಯ ಮೇಲೆ ಬರಿಗಾಲಲ್ಲಿ ನಿಂತು ಅದನ್ನು ಮುಟ್ಟಿದಳು. ಅತ್ತೆ ಅವಳನ್ನು ಮುಟ್ಟಲು ಹೋಗದೆ, ಓಡಿಹೋಗಿ ಮೇನ್ ಸ್ವಿಚ್ ಕೆಳಗಿಳಿಸಿದ್ದರಿಂದ ಹುಡುಗಿ ಬದುಕಿದಳು. ಅಂಗೈಯ ಸುಟ್ಟ ಗಾಯ ಮಾಯಲು ಬಹಳ ದಿನ ಹಿಡಿಯಿತು. ಆ ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಇಂದಿಗೂ ಯಾರಾದರೂ ಅಗ್ಗದ, ಭೂಸಂಪರ್ಕವಿಲ್ಲದ ಅಡಾಪ್ಟರಿಗೆ ಇಸ್ತ್ರಿ ಪೆಟ್ಟಿಗೆಯನ್ನೋ ನೀರು ಕಾಯಿಸುವ ಯಂತ್ರವನ್ನೋ ಹಚ್ಚುವುದನ್ನು ಕಂಡರೆ, ಸಾಕೆಟ್ಟಿನ ಮೇಲಿನ ತೂತಿಗೆ ಸ್ಕ್ರೂಡ್ರೈವರ್ ಚುಚ್ಚಿ ಮುಚ್ಚಳ ತೆರೆದು ಎರಡು ಕಡ್ಡಿಯ ಪ್ಲಗ್ಗು ತುರುಕುವುದನ್ನು ಕಂಡರೆ, ನಾನು ಕೈ ಹಿಡಿದು ನಿಲ್ಲಿಸುತ್ತೇನೆ. ಮುದುಕನ ಕಿರಿಕಿರಿ ಎಂದುಕೊಳ್ಳಲಿ.

ಈಗ ಎರಡನೆಯ ಕಾಲಕ್ಕೆ ಬರುತ್ತೇನೆ. 2023ರ ಚಳಿಗಾಲದಲ್ಲಿ ನಾನೂ ನನ್ನ ಶ್ರೀಮತಿಯೂ ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಶ್ರೀಮತಿಗೆ ಹಲವು ವರ್ಷಗಳಿಂದ ದಮ್ಮಿನ ತೊಂದರೆ. ಬಸವಕಲ್ಯಾಣದ ಮನೆಯಲ್ಲಿ ಗುರ್ರೆಂದು ಸದ್ದು ಮಾಡುವ ಒಂದು ನೆಬ್ಯುಲೈಸರ್ ಇದೆ. ಅದರ ಸದ್ದು ಕೇಳಿದರೇನೇ ಆಕೆಗೆ ಅರ್ಧ ಉಸಿರು ಬಂದಂತೆ. ಹೊರಡುವ ಮೊದಲು ಅದರ ಕೆಳಗಿನ ಚೀಟಿ ಓದಿದೆ: 230 ವೋಲ್ಟ್, 50 ಹರ್ಟ್ಸ್. ಅದು ಅಲ್ಲಿ ನಡೆಯದೆಂದು ತಿಳಿಸಿ, ನಮ್ಮ ವೈದ್ಯರನ್ನು ಕೇಳಿ, ಬ್ಯಾಟರಿಯಿಂದ ನಡೆಯುವ ಅಂಗೈಯಗಲದ ಇನ್ನೊಂದನ್ನು ಕೊಂಡೆ. ಅದರ ಚಾರ್ಜರಿನ ಮೇಲೆ 100–240 ವೋಲ್ಟ್, 50/60 ಹರ್ಟ್ಸ್ ಎಂದಿತ್ತು. ಶ್ರೀಮತಿ ಅದನ್ನು ತಿರುವಿ ಮುರುವಿ ನೋಡಿ, "ಸದ್ದೇ ಇಲ್ಲ, ಇದೇನು ಔಷಧ ಕೊಡ್ತದ" ಎಂದಳು. ನನಗೆ ತಿಳಿಯದಂತೆ ಹಳೆಯದನ್ನೂ ಜೋಳದ ಹಿಟ್ಟಿನ ಚೀಲದ ನಡುವೆ ಇಟ್ಟುಕೊಂಡು ಬಂದಿದ್ದಳು.

ಹೋದ ಎರಡನೆಯ ವಾರ, ರಾತ್ರಿ ಎರಡರ ಸುಮಾರಿಗೆ, ಉಬ್ಬಸ ಏರಿತು. ಹೊರಗೆ ಕೊರೆಯುವ ಚಳಿ, ಒಳಗೆ ಹೀಟರಿನ ಒಣ ಗಾಳಿ. ಆಕೆ ಎದ್ದು ಕುಳಿತು ಚೀಲದ ಕಡೆಗೆ ಕೈ ತೋರಿಸಿದಳು. ಮಗಳು ಹಳೆಯ ಯಂತ್ರವನ್ನು ಹೊರತೆಗೆದು, ಅಳಿಯಂದಿರ ಮೇಜಿನಲ್ಲಿದ್ದ ಕನ್ವರ್ಟರನ್ನು ತಂದಳು. ಊರಿಗೆ ಬಂದಾಗ ಅಮೆರಿಕದ ತಲೆಗೂದಲು ಒಣಗಿಸುವ ಯಂತ್ರವನ್ನು ಬಳಸಲೆಂದು ಕೊಂಡಿದ್ದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪೆಟ್ಟಿಗೆ ಅದು. ಹಗಲಿನಲ್ಲಿ ನಾನು ಅದರ ಕೈಪಿಡಿಯನ್ನು ಓದಿದ್ದೆ. ನಿವೃತ್ತರಿಗೆ ಇಂಥವನ್ನು ಓದಲು ಬೇಕಾದಷ್ಟು ಸಮಯವಿರುತ್ತದೆ. ಅದು 220ನ್ನು 110ಕ್ಕೆ ಇಳಿಸಬಲ್ಲದು, 110ನ್ನು 220ಕ್ಕೆ ಏರಿಸಲಾರದು. ಇಳಿಸುವುದೂ ಕಾವು ಕೊಡುವ ಉಪಕರಣಗಳಿಗೆ ಮಾತ್ರ. ಮೋಟರಿಗೆ ಹಚ್ಚಬಾರದೆಂದು ಅದರಲ್ಲಿಯೇ ಬರೆದಿತ್ತು.

"ಅದು ನಡೆಯೋದಿಲ್ಲಮ್ಮಾ" ಎಂದೆ.

"ಅಪ್ಪಾ, ಈಗ ಪಾಠ ಬ್ಯಾಡ!" ಎಂದಳು ಮಗಳು. ಅವಳ ಕಣ್ಣಲ್ಲಿ ನೀರಿತ್ತು. ಯಂತ್ರವನ್ನು ಹಚ್ಚಿಯೇಬಿಟ್ಟಳು. ಅದು ಗುರ್ರೆನ್ನಲಿಲ್ಲ, ಬಾಯಿ ಮುಚ್ಚಿದವರು ನರಳಿದಂತೆ ಸಣ್ಣಗೆ ಗುಂಯ್‌ಗುಟ್ಟಿತು. ಮುಖವಾಡದಲ್ಲಿ ಮಂಜು ಬರಲಿಲ್ಲ. ಶ್ರೀಮತಿ ಆ ಮುಖವಾಡವನ್ನು ಎರಡು ಕೈಯಿಂದ ಒತ್ತಿ ಹಿಡಿದುಕೊಂಡು ಕಾಯುತ್ತಿದ್ದಳು, ಈಗ ಬರುತ್ತದೆ, ಈಗ ಬರುತ್ತದೆ ಎಂದು. ಆ ಒಂದು ನಿಮಿಷವನ್ನು ನಾನು ಯಾವ ಗಡಿಯಾರದಿಂದಲೂ ಅಳೆಯಲಾರೆ.

ನಾನು ಬ್ಯಾಟರಿಯದನ್ನು ತಂದು, ಔಷಧ ಹಾಕಿ, ಅವಳ ಕೈಯಿಂದ ಹಳೆಯ ಮುಖವಾಡವನ್ನು ಬಿಡಿಸಲು ಹೋದೆ. ಬಿಡಲಿಲ್ಲ. "ಇದರಾಗ ಮಂಜು ಬರ್ಲಿಕ್ಕತ್ತದ, ನೋಡು" ಎಂದು ಕಣ್ಣೆದುರು ಹಿಡಿದು ತೋರಿಸಿದೆ. ದೀಪದ ಬೆಳಕಿನಲ್ಲಿ ಬಿಳಿಯ ಹೊಗೆ ಕಂಡ ಮೇಲೆ ಬಿಟ್ಟಳು. ಹತ್ತು ನಿಮಿಷದಲ್ಲಿ ಕಡಿಮೆಯಾಗದಿದ್ದರೆ 911ಕ್ಕೆ ಕರೆ ಮಾಡುವುದೆಂದು ಮಗಳು ಫೋನು ಹಿಡಿದು ನಿಂತಿದ್ದಳು. ಏಳೆಂಟು ನಿಮಿಷಗಳಾಗುವಾಗ ಎದೆಯ ಸಿಳ್ಳು ತಗ್ಗಿತು. ಆಕೆ ಆಡಿದ ಮೊದಲ ಮಾತು, "ಸದ್ದಿಲ್ಲದಿದ್ರೂ ಕೆಲಸ ಮಾಡ್ತದ" ಎಂಬುದು. ಮರುದಿನ ಅಲ್ಲಿನ ವೈದ್ಯರಿಗೆ ತೋರಿಸಿದೆವು. ಮಗಳು ಎರಡು ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ, ಮೂರನೆಯ ದಿನ ಕನ್ವರ್ಟರಿನ ಕೈಪಿಡಿಯನ್ನು ಹಿಡಿದುಕೊಂಡು ಬಂದು, "ಇದನ್ನ ನೀವು ಯಾವಾಗ ಓದಿದ್ರಿ?" ಎಂದು ಕೇಳಿದಳು.

ಆದುದರಿಂದ ಹೊರಡುವವರಿಗೆ ನನ್ನ ಕೋರಿಕೆ ಇಷ್ಟು. ಅಡಾಪ್ಟರು ಬೇರೆ, ಕನ್ವರ್ಟರು ಬೇರೆ. ಅಡಾಪ್ಟರು ಕಡ್ಡಿಗಳ ಆಕಾರವನ್ನು ಹೊಂದಿಸುತ್ತದೆ. ಒಳಗೆ ಬರುವ ಕರೆಂಟನ್ನು ಅದು ಮುಟ್ಟುವುದಿಲ್ಲ. ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜರಿನ ಮೇಲೆ 100–240 ಎಂದಿದ್ದರೆ ಅಡಾಪ್ಟರೊಂದೇ ಸಾಕು. ಅವು ಬಂದ ಪರ್ಯಾಯ ವಿದ್ಯುತ್ತನ್ನು ಮೊದಲು ನೇರ ವಿದ್ಯುತ್ತಾಗಿ ಮಾಡಿಕೊಂಡು, ಮತ್ತೆ ತಮಗೆ ಬೇಕಾದಷ್ಟೇ ಕತ್ತರಿಸಿ ಬಳಸುವುದರಿಂದ ವೋಲ್ಟೇಜ್, ಆವೃತ್ತಿ ಎರಡರ ಭೇದವೂ ಅವಕ್ಕೆ ಇಲ್ಲ. ರಿಯಾದಿನ ಆ ಗಡಿಯಾರದ ಕಾಲಕ್ಕೆ ಇವು ಮನೆಮನೆಗೆ ಬಂದಿರಲಿಲ್ಲ.

ಕಾವಿನ ವಸ್ತುಗಳದು ವರ್ಗದ ಲೆಕ್ಕ. ನಮ್ಮ 1000 ವ್ಯಾಟಿನ ನೀರು ಕಾಯಿಸುವ ರಾಡು ಅಮೆರಿಕದ 120 ವೋಲ್ಟಿನಲ್ಲಿ ಸುಮಾರು 270 ವ್ಯಾಟು ಮಾತ್ರ ಕೊಡುತ್ತದೆ. ಸ್ನಾನದ ನೀರಿಗೆ ಕಾದು ಕುಳಿತರೆ ಮಧ್ಯಾಹ್ನವಾದೀತು. ಅಲ್ಲಿಯದನ್ನು ಇಲ್ಲಿ ನೇರವಾಗಿ ಹಚ್ಚಿದರೆ ಮೂರೂವರೆ ಪಟ್ಟಿಗಿಂತ ಹೆಚ್ಚು ಕಾದು ಸುಟ್ಟುಹೋಗುತ್ತದೆ. ಮಿಕ್ಸರನ್ನಂತೂ ಒಯ್ಯಬೇಡಿ. 750 ವ್ಯಾಟಿನ ಮಿಕ್ಸರಿಗೆ ಕಡಿಮೆಯೆಂದರೂ 1500 ವ್ಯಾಟಿನ ಟ್ರಾನ್ಸ್‌ಫಾರ್ಮರು ಬೇಕು, ಅದು ಬೀಸುಕಲ್ಲಿನ ಹಾಗೆ ಭಾರ. ಅಮೆರಿಕಕ್ಕಾಗಿಯೇ 110 ವೋಲ್ಟಿನ ಮಿಕ್ಸರುಗಳನ್ನು ನಮ್ಮ ದೇಶದ ಕಂಪನಿಗಳು ಮಾಡುತ್ತವೆ, ಅಲ್ಲಿಯ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಶೇಂಗಾ ಹಿಂಡಿಯನ್ನು ಊರಲ್ಲಿಯೇ ಕುಟ್ಟಿಕೊಂಡು ಹೋಗುವುದು ಇನ್ನೂ ಉತ್ತಮ. ಅದಕ್ಕೆ ಯಾವ ಅಡಾಪ್ಟರೂ ಬೇಡ. ಗಲ್ಫಿಗೆ ಹೋಗುವವರಿಗೆ ದುಬೈ, ಕುವೈತುಗಳಲ್ಲಿ ವೋಲ್ಟೇಜೂ ಆವೃತ್ತಿಯೂ ನಮ್ಮಂತೆಯೇ. ಭೂಸಂಪರ್ಕವಿರುವ ಅಡಾಪ್ಟರು ಇದ್ದರೆ ನಡೆಯುತ್ತದೆ.

ಔಷಧಿಯ ಯಂತ್ರಗಳಿದ್ದರೆ ಮಾತ್ರ ಅಂದಾಜಿನಿಂದ ಹೊರಡಬೇಡಿ. ಯಂತ್ರವನ್ನು ತಿರುವಿ ಹಾಕಿ ಕೆಳಗಿನ ಚೀಟಿಯ ಚಿತ್ರ ತೆಗೆದು ನನ್ನ ಫೋನಿಗೆ ಕಳಿಸಿ, ಓದಿ ಹೇಳುತ್ತೇನೆ. ಅಕ್ಷರಗಳು ತೀರ ಸಣ್ಣವಿರುತ್ತವೆ. ಕಿಟಕಿಯ ಬಳಿ, ಬೆಳಕಿನಲ್ಲಿ ತೆಗೆಯಿರಿ.